ದಾವಣಗೆರೆಯಲ್ಲಿ ಒಂದು ಪಾಯಿಂಟು

1997ರ ಆಗಸ್ಟ್ 15ಕ್ಕೆ ಮೊದಲು ಚಿತ್ರದುರ್ಗದವರಿಗೆ ದಾವಣಗೆರೆಯ ಮೇಲಿದ್ದದ್ದು ದಾಯಾದಿ ಸಿಟ್ಟು. ಜಿಲ್ಲಾ ಕೇಂದ್ರ ನಮ್ಮದು. ಏಳು ಸುತ್ತಿನ ಕೋಟೆ, ಒನಕೆ ಓಬವ್ವ, ಡಿಸಿ ಆಫೀಸು ಎಲ್ಲ ನಮ್ಮ ಕಡೆ. ಆದರೆ ಹತ್ತಿ ಗಿರಣಿಗಳು ಅಲ್ಲಿ, 1951ರಲ್ಲೇ ಶುರುವಾದ ಇಂಜಿನಿಯರಿಂಗ್ ಕಾಲೇಜು ಅಲ್ಲಿ, ಮೆಡಿಕಲ್ ಕಾಲೇಜು ಅಲ್ಲಿ, ಬೆಣ್ಣೆದೋಸೆಯೂ ಅಲ್ಲೇ. ಮದುವೆ ಬಟ್ಟೆಗೆ, ಕಣ್ಣು ತೋರಿಸೋದಕ್ಕೆ, ಹೊಸ ಸಿನಿಮಾಕ್ಕೆ ದುರ್ಗದವರೇ ಬಸ್ ಹತ್ತಿ ದಾವಣಗೆರೆಗೆ ಹೋಗುತ್ತಿದ್ದರು, ಬಂದ ಮೇಲೆ ಅದನ್ನೇ ಬೈಯುತ್ತಿದ್ದರು. ಕಾಗದದ ಮೇಲೆ ಅದು ನಮ್ಮ ಜಿಲ್ಲೆಯ ಒಂದು ತಾಲ್ಲೂಕು. ಜೆ.ಎಚ್. ಪಟೇಲರು ಏಳು ಹೊಸ ಜಿಲ್ಲೆ ಮಾಡಿದಾಗ ಪಾಲು ಬೇರೆಯಾಯಿತು, ಸಿಟ್ಟೂ ಸವೆಯಿತು. ನಾನು ಹೇಳುವ ಪಂದ್ಯ ನಡೆದದ್ದು ಅದಕ್ಕೆ ಹಿಂದಿನ ವರ್ಷ, ಸಿಟ್ಟು ಇನ್ನೂ ಬಿಸಿಯಾಗಿದ್ದಾಗ.

1996 ಕರ್ನಾಟಕದವರಿಗೆ ನೆನಪಿರುವ ವರ್ಷ. ಮಾರ್ಚ್ 9ಕ್ಕೆ ಬೆಂಗಳೂರಿನಲ್ಲಿ ಪಾಕಿಸ್ತಾನದ ಮೇಲೆ ವಿಶ್ವಕಪ್ ಕ್ವಾರ್ಟರ್ ಫೈನಲ್; ವೆಂಕಟೇಶ್ ಪ್ರಸಾದ್ ಆಮಿರ್ ಸೊಹೈಲ್‌ನ ಸ್ಟಂಪ್ ಎಗರಿಸಿದಾಗ ನಮ್ಮ ಹಾಸ್ಟೆಲ್ಲಿನ ಟಿ.ವಿ. ರೂಮಿನ ಬೆಂಚು ಮುರಿದಿತ್ತು. ಜೂನ್ ಹೊತ್ತಿಗೆ ದೇವೇಗೌಡರು ದೆಹಲಿಯಲ್ಲಿ, ಪಟೇಲರು ವಿಧಾನಸೌಧದಲ್ಲಿ. ಇಂಥ ವರ್ಷದಲ್ಲಿ ಬ್ಯಾಸ್ಕೆಟ್‌ಬಾಲಿಗೆ ಯಾರು ತಲೆ ಹಾಕುತ್ತಾರೆ? ನಾನು ಹಾಕಿದೆ. ಆಡುತ್ತಿರಲಿಲ್ಲ, ಎತ್ತರವೂ ಇರಲಿಲ್ಲ, ದಮ್ಮೂ ಇರಲಿಲ್ಲ. ಹಾಸ್ಟೆಲ್ಲಿನ ಹಿಂಬದಿಯಲ್ಲೇ ನಮ್ಮ ಕಾಲೇಜು ತಂಡದ ಕೋರ್ಟು ಇತ್ತು, ಸಂಜೆ ಹೊತ್ತಿಗೆ ಬೇರೆ ಕೆಲಸ ಇರಲಿಲ್ಲ. ಅಭಿಮಾನಿಗಳಾಗುವವರು ಹೆಚ್ಚಾಗಿ ಹೀಗೇ ಆಗುವುದು, ಜಾಗ ಹತ್ತಿರವಿತ್ತು ಅನ್ನುವ ಕಾರಣಕ್ಕೆ. ನೋಡುತ್ತ ನೋಡುತ್ತ ಯಾರು ಯಾವ ಕೈಯಿಂದ ಪಾಸ್ ಮಾಡುತ್ತಾನೆ, ಯಾರಿಗೆ ಸುಸ್ತಾದರೆ ಎಡಗಾಲು ಎಳೆಯುತ್ತದೆ ಅನ್ನುವುದೆಲ್ಲ ಬಾಯಿಪಾಠವಾಯಿತು. ಆಮೇಲೆ ಅವರು ಸೋತರೆ ನನಗೆ ಊಟ ಸೇರುತ್ತಿರಲಿಲ್ಲ.

ಕೋರ್ಟು ಅಂದೆನಲ್ಲ, ಅದು ಗರಸು ಮಣ್ಣಿನದು. ಮಳೆಗಾಲದಲ್ಲಿ ಕೊಚ್ಚಿಹೋಗಿ ಸಣ್ಣ ಕಲ್ಲುಗಳು ಮೇಲೆದ್ದು ಕೂರುತ್ತಿದ್ದವು. ಚೆಂಡನ್ನು ನೆಲಕ್ಕೆ ಬಡಿದರೆ ಅದು ಮರಳಿ ಕೈಗೇ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಕಲ್ಲಿಗೆ ತಾಗಿ ಮೊಣಕಾಲಿಗೋ ಪಕ್ಕದವನಿಗೋ ಹೋಗುತ್ತಿತ್ತು. ಹಾಗಾಗಿ ನಮ್ಮ ಹುಡುಗರು ಡ್ರಿಬಲ್ ಮಾಡುವುದನ್ನೇ ಬಿಟ್ಟಿದ್ದರು. ಚೆಂಡು ಕೈಗೆ ಬಂತೋ, ಇನ್ನೊಬ್ಬನಿಗೆ ದಾಟಿಸು. ಚೆಂಡು ನೆಲ ಮುಟ್ಟದೆ ಆರೇಳು ಕೈ ಬದಲಾಯಿಸಿ ರಿಂಗಿನ ಕೆಳಗೆ ಬರುತ್ತಿದ್ದದ್ದನ್ನು ನೋಡಲು ಬಲು ಸೊಗಸು. ಮಣ್ಣಿನ ಕೋರ್ಟು ಎಂದು ನಾಚಿಕೊಳ್ಳಬೇಕಾಗಿಯೂ ಇರಲಿಲ್ಲ. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಬ್ಯಾಸ್ಕೆಟ್‌ಬಾಲ್ ಮೊದಲ ಸಲ ಪದಕದ ಆಟವಾದಾಗ ಫೈನಲ್ ನಡೆದದ್ದು ಬಯಲಿನ ಟೆನಿಸ್ ಮೈದಾನದಲ್ಲಿ, ಮಣ್ಣು ಮರಳಿನ ಮೇಲೆ, ಸುರಿಯುವ ಮಳೆಯಲ್ಲಿ. ಕೆಸರಿನಲ್ಲಿ ಚೆಂಡು ಪುಟಿಯಲೇ ಇಲ್ಲ. ಅಮೆರಿಕ 19, ಕೆನಡಾ 8. ಆ ಫೈನಲ್ಲಿಗೆ ನಮ್ಮ ಹುಡುಗರನ್ನು ಕಳಿಸಿದ್ದರೆ ಏನಾದರೂ ಮಾಡುತ್ತಿದ್ದರು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಇನ್ನೊಂದು ಸಂಗತಿ ಗಾಳಿ. ದುರ್ಗದ ಗಾಳಿ ಗೊತ್ತಿರುವವರಿಗೆ ಗೊತ್ತು. ಈಗ ಜೋಗಿಮಟ್ಟಿ ಸಾಲಿನ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಆಷಾಢ ಶ್ರಾವಣದಲ್ಲಿ ಚೆಂಡನ್ನು ಮೇಲಕ್ಕೆ ಎತ್ತಿ ಹಾಕಿದರೆ ಅದು ರಿಂಗಿನ ಕಡೆ ಹೋಗದೆ ಹಾಸ್ಟೆಲ್ ಅಡುಗೆಮನೆಯ ಕಡೆ ತಿರುಗುತ್ತಿತ್ತು. ಹೀಗಾಗಿ ಇವರು ಎಲ್ಲ ಶಾಟನ್ನೂ ತಗ್ಗಿನಲ್ಲಿ, ನೇರಕ್ಕೆ, ಬೋರ್ಡಿಗೆ ಬಡಿದು ಹಾಕುವುದನ್ನು ರೂಢಿ ಮಾಡಿಕೊಂಡಿದ್ದರು. ನಮ್ಮದು ಮರದ ಹಲಗೆಯ ಬೋರ್ಡು, ನೀರು ಕುಡಿದು ಉಬ್ಬಿದ್ದು. ಚೆಂಡು ಬಡಿದರೆ ಸದ್ದಡಗಿ ಮೆತ್ತಗೆ ಕೆಳಗೆ ಬೀಳುತ್ತಿತ್ತು, ರಿಂಗಿನೊಳಕ್ಕೆ. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ. ಪಂದ್ಯ ಹೋದದ್ದು ಇಲ್ಲೇ ಅಂತ ನನ್ನ ವಾದ.

ತಂಡದಲ್ಲಿ ಎಂಟು ಜನ. ಹಾಸ್ಟೆಲ್ಲಿನಲ್ಲಿ ಯಾರನ್ನೂ ಹೆಸರಿನಿಂದ ಕರೆಯುವ ಪದ್ಧತಿ ಇರಲಿಲ್ಲ, ಊರೇ ಹೆಸರು. ಕ್ಯಾಪ್ಟನ್ ಹೊಸದುರ್ಗ: ಆರಡಿ ಮೀರಿದ ಆಳು, ತೆಂಗಿನ ತೋಟದ ಮನೆಯವನು, ರಿಂಗಿನ ಕೆಳಗೆ ನಿಂತರೆ ಅಲ್ಲಾಡಿಸಲಾಗದು. ಹಿರಿಯೂರು ಸಣಕಲ, ಆದರೆ ನಿಂತ ನಿಲುವಿನಲ್ಲೇ ಮೇಲಕ್ಕೆ ಹಾರುತ್ತಿದ್ದ. ಹೊಳಲ್ಕೆರೆ ತಂಡದ ಕೈ; ದೂರದಿಂದ ಹಾಕುವವನು ಅವನೊಬ್ಬನೇ. ಉಳಿದವರು ದುರ್ಗದ ಪೇಟೆಯ ಹುಡುಗರು. ಪಂದ್ಯದ ಮಧ್ಯೆ "ಹಿರಿಯೂರಿಂದ ಹೊಳಲ್ಕೆರೆಗೆ ಕೊಡೋ, ಹೊಸದುರ್ಗ ಖಾಲಿ ಇದೆ ನೋಡೋ!" ಅಂತ ನಾವು ಕೂಗುತ್ತಿದ್ದರೆ ಹೊರಗಿನವರು ಯಾವುದೋ ಬಸ್ಸಿನ ಏಜೆಂಟರು ಬಂದಿದ್ದಾರೆ ಅಂದುಕೊಳ್ಳುತ್ತಿದ್ದರು. ಹೊಳಲ್ಕೆರೆಗೆ ತಮಾಷೆ ಜಾಸ್ತಿ. ಮಳೆ ಬಂದು ಅಭ್ಯಾಸ ನಿಂತಾಗಲೆಲ್ಲ ಅವನ ಒಂದು ಮಾತು ಗ್ಯಾರಂಟಿ: "ನಮ್ಮೂರ ಗಣಪ್ಪನಿಗೇ ಸೂರಿಲ್ಲ, ಇನ್ನು ನಮಗೆಲ್ಲಿಂದ ಬರ್ಬೇಕು." ಅವರೂರಿನ ಬಯಲು ಗಣಪತಿ ಹದಿನೈದನೇ ಶತಮಾನದಿಂದ ಬಿಸಿಲು ಮಳೆಗೆ ಮೈಯೊಡ್ಡಿ ಕೂತಿದ್ದಾನೆ.

ನಮ್ಮ ಪಿ.ಡಿ. ಸರ್, ಅಂದರೆ ಕಾಲೇಜಿನ ಫಿಸಿಕಲ್ ಡೈರೆಕ್ಟರ್, ಯೌವನದಲ್ಲಿ ಮಲ್ಲಾಡಿಹಳ್ಳಿಯ ಆಶ್ರಮದಲ್ಲಿ ಆಸನ, ವ್ಯಾಯಾಮ ಕಲಿತವರು. ಹೊಳಲ್ಕೆರೆ ತಾಲ್ಲೂಕಿನ ಆ ಸಣ್ಣ ಹಳ್ಳಿಗೆ 1940ರ ದಶಕದಲ್ಲಿ ಬಂದು ನೆಲೆಸಿದ ರಾಘವೇಂದ್ರ ಸ್ವಾಮೀಜಿ, ಜನರ ಬಾಯಲ್ಲಿ ಮೊದಲು ವ್ಯಾಯಾಮದ ಮೇಷ್ಟ್ರು, ಸಾಹಿತ್ಯದಲ್ಲಿ 'ತಿರುಕ'. ಕರ್ನಾಟಕದ ಎಷ್ಟೋ ಶಾಲೆಗಳ ಡ್ರಿಲ್ ಮೇಷ್ಟ್ರುಗಳಿಗೆ ಅವರು ಗುರು. ನೂರು ದಾಟಿದ ವಯಸ್ಸಿನಲ್ಲಿ, 1996ರ ಆಗಸ್ಟ್ 31ರಂದು ಅವರು ತೀರಿಕೊಂಡರು. ಪಿ.ಡಿ. ಸರ್ ಮಲ್ಲಾಡಿಹಳ್ಳಿಗೆ ಹೋಗಿ ಬಂದವರು ಆ ಸೆಪ್ಟೆಂಬರ್ ಇಡೀ ಹೆಚ್ಚು ಮಾತಾಡಲಿಲ್ಲ. ಸೀಟಿ ಊದುವುದು, ಕೈ ತೋರಿಸುವುದು, ಅಷ್ಟೇ. ಹುಡುಗರು ಮಾತ್ರ ಎಂದಿಲ್ಲದ ಹಾಗೆ ಬೆಳಗ್ಗೆ ಆರಕ್ಕೇ ಕೋರ್ಟಿನಲ್ಲಿರುತ್ತಿದ್ದರು.

ಆಗ ನಮ್ಮ ಕಾಲೇಜುಗಳೆಲ್ಲ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಅಂತರ ಕಾಲೇಜು ಪಂದ್ಯ ಅಂದರೆ ಶಿವಮೊಗ್ಗ, ಭದ್ರಾವತಿ, ಚಿಕ್ಕಮಗಳೂರು, ದಾವಣಗೆರೆ ಹುಡುಗರ ಜೊತೆ ಹಣಾಹಣಿ. ಮೊದಲ ಸುತ್ತನ್ನು ಹೇಗೋ ದಾಟಿದ್ದೆವು. ಎರಡನೆಯದು ದಾವಣಗೆರೆಯ ಒಂದು ಕಾಲೇಜಿನಲ್ಲಿ, ಅವರದೇ ಅಂಗಳದಲ್ಲಿ, ಅವರ ಮೇಲೆ. ಅಕ್ಟೋಬರ್ ಮೊದಲ ವಾರ, ದಸರಾ ರಜೆಗೆ ಮುಂಚೆ. ಆಟಗಾರರಿಗೆ ಕಾಲೇಜಿನಿಂದ ಬಸ್ ಚಾರ್ಜು ಸಿಗುತ್ತಿತ್ತು. ನಮಗೆ, ಅಂದರೆ ಬೆಂಬಲಿಗರಿಗೆ, ಯಾರು ಕೊಡುತ್ತಾರೆ? ಕೈಯಿಂದ ಹಾಕಿಕೊಂಡು ಹೋಗಲು ತಯಾರಾದವರು ಒಂದು ಕೈಬೆರಳೆಣಿಕೆಯಷ್ಟೇ. ಆಗಿನ್ನೂ ಪೂನಾ-ಬೆಂಗಳೂರು ರಸ್ತೆ ಎರಡೇ ದಾರಿಯದು. ಭರಮಸಾಗರದಲ್ಲಿ ಟೀ, ಆನಗೋಡು ದಾಟಿದ ಮೇಲೆ ಬಸ್ಸಿನಲ್ಲೇ ಬಟ್ಟೆ ಬದಲಾವಣೆ. ಅರವತ್ತು ಕಿಲೋಮೀಟರು ಹೊರಗೆ ಹೋಗುವುದೇ ಒಂದು ದಂಡಯಾತ್ರೆ ಎನ್ನುವ ಹಾಗೆ ಹೊಸದುರ್ಗ ಎಲ್ಲರ ಶೂ ಲೇಸು ಪರೀಕ್ಷೆ ಮಾಡಿದ.

ಅವರ ಕೋರ್ಟು ಸಿಮೆಂಟಿನದು. ಬೋರ್ಡು ಫೈಬರಿನದು. ಎರಡು ಕಡೆ ಕಟ್ಟಡ, ಒಂದು ಕಡೆ ಮೆಟ್ಟಿಲು, ಎಲೆಯೂ ಅಲ್ಲಾಡುತ್ತಿರಲಿಲ್ಲ. ಮೆಟ್ಟಿಲ ತುಂಬ ಹುಡುಗರು. ನಮ್ಮನ್ನು ನೋಡಿದ ಕೂಡಲೇ "ಕೋತಿಗಳಾ, ಕೋಟೆ ಹತ್ರೋ!" ಶುರುವಾಯಿತು. ಹೊಸ ಬೈಗುಳವೇನಲ್ಲ.

ಸೀಟಿ ಊದಿದ ಮೇಲೆ ಆದದ್ದು ನೋಡಿ. ಸಿಮೆಂಟಿನ ಮೇಲೆ ಚೆಂಡು ಹೇಳಿದಂತೆ ಕೇಳುತ್ತದೆ. ಅವರ ಹುಡುಗ ಒಬ್ಬ ಚೆಂಡು ಪುಟಿಸುತ್ತ ನಮ್ಮ ಐದೂ ಜನರ ನಡುವೆ ನುಗ್ಗಿ ಲೇಅಪ್ ಹಾಕಿ ವಾಪಸ್ ಓಡುವಷ್ಟರಲ್ಲಿ ನಮ್ಮವರು ಇನ್ನೂ ತಿರುಗುತ್ತಿದ್ದರು. ಅದನ್ನಾದರೂ ತಡೆಯಬಹುದು. ಆದರೆ ನಮ್ಮ ಶಾಟುಗಳು! ಹೊಳಲ್ಕೆರೆ ಯಾವತ್ತಿನಂತೆ ತಗ್ಗಿನಲ್ಲಿ ನೇರಕ್ಕೆ ಬೋರ್ಡಿಗೆ ಹೊಡೆದ. ಫೈಬರ್ ಬೋರ್ಡು ಅದನ್ನು ಅರ್ಧ ಕೋರ್ಟಿನ ತನಕ ವಾಪಸ್ ಕಳಿಸಿತು. ಮತ್ತೆ ಹೊಡೆದ, ಮತ್ತೆ ಅದೇ. ಬೋರ್ಡು ಬಿಟ್ಟು ರಿಂಗಿಗೇ ಹಾಕಿದರೆ ಮುಂದಿನ ಅಂಚಿಗೆ ತಾಗಿ ಎಗರಿತು. ಇದರಲ್ಲಿ ಮಾಯಮಂತ್ರವೇನೂ ಇಲ್ಲ, ಲೆಕ್ಕ ಇದೆ. ರಿಂಗಿನ ಒಳವ್ಯಾಸ 45 ಸೆಂಟಿಮೀಟರ್, ಚೆಂಡಿನದು 24ರ ಆಸುಪಾಸು. ಮೇಲಿನಿಂದ ಇಳಿಯುವ ಚೆಂಡಿಗೆ ಇಡೀ ರಿಂಗು ತೆರೆದಿರುತ್ತದೆ. ತಗ್ಗಿನಲ್ಲಿ ಬರುವ ಚೆಂಡಿಗೆ ಅದೇ ರಿಂಗು ಸೀಳಿನಷ್ಟು ಕಾಣುತ್ತದೆ. ಸುಮಾರು 32 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಬಂದರೆ ಅಂಚಿಗೆ ತಾಗದೆ ಒಳಗೆ ಹೋಗಲು ಸಾಧ್ಯವೇ ಇಲ್ಲ. ದುರ್ಗದ ಗಾಳಿಗೆ ಹೇಳಿ ಮಾಡಿಸಿದ ಶಾಟು ಗಾಳಿಯಿಲ್ಲದ ಊರಿನಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ.

ಆಗ ಕಾಲು ಕಾಲು ಭಾಗದ ಆಟವಿಲ್ಲ, ಇಪ್ಪತ್ತಿಪ್ಪತ್ತು ನಿಮಿಷದ ಎರಡು ಅರ್ಧ. ಮೊದಲ ಅರ್ಧಕ್ಕೆ ಅವರು 33, ನಾವು 22. ಬೆಂಬಲಿಗರಾದ ನಮ್ಮ ಗಂಟಲು ಹತ್ತು ನಿಮಿಷಕ್ಕೇ ಬಿದ್ದುಹೋಗಿತ್ತು. ಉಳಿದ ಹೊತ್ತು ಚಪ್ಪಾಳೆ ತಟ್ಟಿಕೊಂಡು ಕೂತಿದ್ದೆವು.

ಬಿಡುವಿನಲ್ಲಿ ಪಿ.ಡಿ. ಸರ್ ಬೈಯಲಿಲ್ಲ. ಕತ್ತೆತ್ತಿ ಪಕ್ಕದ ಬೇವಿನ ಮರ ನೋಡಿದರು. "ಲೇ ಹುಡ್ರಾ, ಇಲ್ಲಿ ಗಾಳಿ ಇಲ್ಲ ಕಣ್ರೋ. ಎತ್ತಿ ಹಾಕ್ರಿ" ಅಂದರು. ತಿಂಗಳಲ್ಲಿ ಅವರಾಡಿದ ಅತಿ ಉದ್ದದ ಮಾತು ಅದು. ಇನ್ನೊಂದು: ಓಡುವವನ ಹಿಂದೆ ಓಡಬೇಡಿ, ರಿಂಗಿನ ಮುಂದೆ ಝೋನ್ ಕಟ್ಟಿ ನಿಲ್ಲಿ, ಅವನೇ ಬರಲಿ.

ಎರಡನೆಯ ಅರ್ಧವನ್ನು ನಾನು ಈಗಲೂ ಬೇಕಾದಾಗ ನೋಡಬಲ್ಲೆ. ಹೊಳಲ್ಕೆರೆ ಮೊದಲ ಶಾಟನ್ನು ಎಷ್ಟು ಮೇಲೆತ್ತಿದನೆಂದರೆ ಮೆಟ್ಟಿಲ ಮೇಲಿನವರು ನಕ್ಕರು. ಚೆಂಡು ರಿಂಗಿನ ಅಂಚು ಸೋಕದೆ ಇಳಿಯಿತು. 6.25 ಮೀಟರಿನ ಗೆರೆಯ ಆಚೆಯಿಂದ ಮತ್ತೆರಡು ಹಾಕಿದ. ಝೋನಿಗೆ ಸಿಕ್ಕಿಬಿದ್ದ ಅವರ ಓಟಗಾರ ಚೆಂಡು ಪುಟಿಸುತ್ತ ನಿಂತಲ್ಲೇ ನಿಂತ. ನಮ್ಮ ಪಾಸುಗಳು ಶುರುವಾದವು. ನೆಲ ಮುಟ್ಟದ ಚೆಂಡನ್ನು ಅವರ ಹುಡುಗರು ಕತ್ತು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಮಣ್ಣಿನ ಕೋರ್ಟು ಕಲಿಸಿದ ಒಂದು ವಿದ್ಯೆ ಕೈಕೊಟ್ಟಿತ್ತು, ಇನ್ನೊಂದು ಕೈಹಿಡಿಯಿತು. ಆದರೆ ಆರು ನಿಮಿಷ ಬಾಕಿ ಇರುವಾಗ ಹೊಸದುರ್ಗನಿಗೆ ಐದನೇ ಫೌಲು. ಅವನು ಹೊರಬಂದು ಟೇಬಲ್ಲಿನ ಪಕ್ಕದ ಕುರ್ಚಿಯಲ್ಲಿ ಟವೆಲ್ ಹೊದ್ದು ಕೂತ. ಅವನ ಜಾಗಕ್ಕೆ ಬಂದ ಹುಡುಗನಿಗೆ ಅವನ ಭುಜದ ಎತ್ತರ. ಆಗಲೂ ಬಿಡಲಿಲ್ಲ. ಹಿರಿಯೂರು ಒಬ್ಬನೇ ಎರಡೂ ಕಡೆ ರೀಬೌಂಡಿಗೆ ಹಾರಿ ಹಾರಿ ಮೊಣಕೈ ಕಿತ್ತುಕೊಂಡ.

58–56. ಚೆಂಡು ನಮ್ಮದು. ಹೊಳಲ್ಕೆರೆ ಒಳಗೆ ನುಗ್ಗಿದ, ಹಾಕಲು ಕೈಯೆತ್ತಿದಾಗ ಇಬ್ಬರು ಮೇಲೆ ಬಿದ್ದರು. ಫೌಲು. ಎರಡು ಫ್ರೀ ಥ್ರೋ. ಬಾಕಿ ನಾಲ್ಕು ಸೆಕೆಂಡು.

ಫ್ರೀ ಥ್ರೋ ಗೆರೆಯಿಂದ ಬೋರ್ಡಿಗೆ 4.6 ಮೀಟರು, ರಿಂಗಿನ ಎತ್ತರ 3.05. ಈ ಆಟ ಹುಟ್ಟಿದ ಸ್ಪ್ರಿಂಗ್‌ಫೀಲ್ಡಿನಿಂದ ದುರ್ಗದ ತನಕ ಎಲ್ಲಿ ಹೋದರೂ ಇಷ್ಟೇ. ಯಾರೂ ಅಡ್ಡ ಬರುವಂತಿಲ್ಲ. ಆದ್ದರಿಂದಲೇ ಅದು ಈ ಆಟದ ಅತಿ ಕ್ರೂರ ಭಾಗ; ತಪ್ಪಿದರೆ ದೂರಲು ಇನ್ನೊಬ್ಬನಿಲ್ಲ. ಮೊದಲನೆಯದನ್ನು ಹೊಳಲ್ಕೆರೆ ಎತ್ತಿ ಹಾಕಿದ. ಒಳಗೆ. 58–57. ಎರಡನೆಯದಕ್ಕೆ ಮೆಟ್ಟಿಲುಗಳು ಕಾಲಿನಿಂದ ತಮಟೆ ಬಾರಿಸತೊಡಗಿದವು. ಅವನು ಚೆಂಡನ್ನು ಮೂರು ಸಲ ನೆಲಕ್ಕೆ ತಟ್ಟಿದ, ಒಂದು ಸಲ ಒರೆಸಿದ. ನಾನು ಅವನ ಮೊಣಕಾಲು ನೋಡುತ್ತಿದ್ದೆ, ಅದು ಬಾಗಬೇಕಾದಷ್ಟು ಬಾಗಲಿಲ್ಲ. ಚೆಂಡು ತಗ್ಗಿನಲ್ಲಿ ಹೋಯಿತು, ಹಳೆಯ ಹಾಗೆ. ರಿಂಗಿನ ಹಿಂದಿನ ಅಂಚಿಗೆ ಬಡಿದು ಮೇಲಕ್ಕೆ ಚಿಮ್ಮಿತು. ನಾಲ್ಕೈದು ಕೈಗಳಿಗೆ ತಾಗಿ ಎಗರಾಡಿತು, ಕೊನೆಗೆ ಅವುಗಳ ಮೇಲೆ ಹಿರಿಯೂರಿನ ಕೈ ಕಾಣಿಸಿತು. ಬೆರಳ ತುದಿಯಿಂದ ತಳ್ಳಿದ. ಚೆಂಡು ರಿಂಗಿನ ಮೇಲೆ ಒಂದು ಸುತ್ತು ಹೊಡೆದು ಒಳಗೆ ಬಿತ್ತು. ಅಷ್ಟರಲ್ಲಿ ಸೀಟಿ ಆಗಿತ್ತು.

ಆಗಿತ್ತೋ, ಆಮೇಲೆ ಆಯಿತೋ? ಟೇಬಲ್ಲಿನಲ್ಲಿದ್ದದ್ದು ಕೈಯಲ್ಲಿ ಒತ್ತುವ ಸ್ಟಾಪ್‌ವಾಚು. ಚೆಂಡು ಬೆರಳು ಬಿಟ್ಟ ಮೇಲೆ ಹೊತ್ತು ಮುಗಿದರೆ ಬಾಸ್ಕೆಟ್ ಲೆಕ್ಕಕ್ಕಿದೆ, ಮೊದಲೇ ಮುಗಿದರೆ ಇಲ್ಲ. ರೆಫರಿ ಎರಡೂ ಕೈ ಅಡ್ಡ ಆಡಿಸಿದರು. ಇಲ್ಲ.

ಸ್ಕೋರ್‌ಶೀಟಿನ ಕೆಳಗೆ ಒಂದು ಗೆರೆ ಇರುತ್ತದೆ. ತಕರಾರು ಇದ್ದರೆ ಕ್ಯಾಪ್ಟನ್ ಅಲ್ಲಿ ಸಹಿ ಹಾಕಬೇಕು. ಹೊಸದುರ್ಗ ಟೇಬಲ್ಲಿನ ಪಕ್ಕದಲ್ಲೇ ಕೂತಿದ್ದನಲ್ಲ, ಪೆನ್ನು ಕಿತ್ತುಕೊಂಡೇಬಿಟ್ಟ. ನಾವು ಗೆರೆ ದಾಟಿ ಒಳಗೆ ನುಗ್ಗಿ "ಹಾಕೋ, ಸೈನ್ ಹಾಕೋ" ಅಂತ ಕೂಗುತ್ತಿದ್ದೆವು. ಪಿ.ಡಿ. ಸರ್ ಬಂದು ಅವನ ಕೈಯಿಂದ ಪೆನ್ನು ತೆಗೆದುಕೊಂಡು ಕ್ಯಾಪು ಹಾಕಿ ಟೇಬಲ್ಲಿನ ಮೇಲಿಟ್ಟರು. "ಹಾಫ್ ಟೈಮಲ್ಲಿ ಹನ್ನೊಂದು ಹಿಂದಿದ್ವಲ್ಲ, ಅದಕ್ಯಾರ ಸೀಟಿ ಕಾರಣ ಕಣಯ್ಯಾ?" ಅಂದರು. ಆ ಹೊತ್ತಿನಲ್ಲಿ ನನಗೆ ಅವರ ಮೇಲೆ ದಾವಣಗೆರೆಯವರ ಮೇಲಿದ್ದದ್ದಕ್ಕಿಂತ ಹೆಚ್ಚು ಸಿಟ್ಟು ಬಂತು.

ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು. ಸೋತವರ ಹಸಿವು ಗೆದ್ದವರದಕ್ಕಿಂತ ಹೆಚ್ಚು. ಪೊಟ್ಟಣದ ಮೇಲೆ ಪೊಟ್ಟಣ. ರಾತ್ರಿ ಬಸ್ಸಿನ ಕಂಡಕ್ಟರ್ ಜೆರ್ಸಿ ನೋಡಿ "ಗೆದ್ರಾ?" ಅಂದ. "ಒಂದೇ ಪಾಯಿಂಟಲ್ಲಿ ಹೋಯ್ತಣ್ಣ." "ಒಂದಾದ್ರೇನು ಹತ್ತಾದ್ರೇನು, ಚಿಲ್ರೆ ಕೊಡ್ರಪ್ಪ." ಭರಮಸಾಗರದ ತನಕ ಯಾರೂ ಮಾತಾಡಲಿಲ್ಲ. ಆಮೇಲೆ ಶುರುವಾದ ಮಾತು ಹಾಸ್ಟೆಲ್ಲಿನಲ್ಲಿ ವರ್ಷವಿಡೀ ನಿಲ್ಲಲಿಲ್ಲ.

ಮೂರು ಪಕ್ಷಗಳಾದವು. ಸೀಟಿ ಪಕ್ಷ: ಪಂದ್ಯ ನಮ್ಮದೇ, 59–58, ಕದ್ದುಕೊಂಡರು. ಐದನೇ ಫೌಲಿನ ಪಕ್ಷ: ಹೊಸದುರ್ಗ ಇದ್ದಿದ್ದರೆ ಕೊನೆಯ ತನಕ ಬರುವ ಪ್ರಮೇಯವೇ ಇರಲಿಲ್ಲ. ಮೂರನೆಯದು ಬಾಯಿ ಬಿಟ್ಟು ಹೇಳದ ಪಕ್ಷ, ಅದರಲ್ಲೇ ಜನ ಜಾಸ್ತಿ: ಹೊಳಲ್ಕೆರೆ ಎರಡನೆಯದನ್ನು ಹಾಕಬೇಕಿತ್ತು. ಅವನು ಊಟಕ್ಕೆ ಬಂದರೆ ಮೇಜಿನ ಮಾತು ಬದಲಾಗುತ್ತಿತ್ತು. ಅವನಿಗೆ ಗೊತ್ತಾಗದೇ ಇರುತ್ತದೆಯೇ?

ನಾನು ಆಗ ಸೀಟಿ ಪಕ್ಷದವನು. ಲೈಬ್ರರಿಯಲ್ಲಿ ಹಳೆಯ ಕ್ರೀಡಾ ಪತ್ರಿಕೆಯಲ್ಲಿ 1972ರ ಮ್ಯೂನಿಕ್ ಒಲಿಂಪಿಕ್ಸ್ ಫೈನಲ್ಲಿನ ಕಥೆ ಸಿಕ್ಕಿದ್ದು ನನ್ನ ವಾದಕ್ಕೆ ಬಲ ತಂದಿತ್ತು. ಒಲಿಂಪಿಕ್ಸಿನಲ್ಲಿ ಅಲ್ಲಿಯ ತನಕ 63 ಪಂದ್ಯಗಳಲ್ಲಿ ಒಂದನ್ನೂ ಸೋಲದಿದ್ದ ಅಮೆರಿಕದವರು ಸೋವಿಯತ್ ತಂಡದ ಮೇಲೆ ಮೂರು ಸೆಕೆಂಡು ಬಾಕಿ ಇರುವಾಗ ಎರಡು ಫ್ರೀ ಥ್ರೋ ಹಾಕಿ 50–49 ಮುಂದಾದರು. ಆ ಮೂರು ಸೆಕೆಂಡನ್ನು ಮತ್ತೆ ಮತ್ತೆ ಆಡಿಸಲಾಯಿತು, ಮೂರನೆಯ ಸಲ ಅಲೆಕ್ಸಾಂಡರ್ ಬೆಲೋವ್ ಹಾಕಿ 51–50. ತಕರಾರನ್ನು ಐವರ ಸಮಿತಿ ಮೂರು–ಎರಡರಿಂದ ತಳ್ಳಿಹಾಕಿತು. ಅಮೆರಿಕದ ಹುಡುಗರು ಬೆಳ್ಳಿ ಪದಕ ತೆಗೆದುಕೊಳ್ಳಲೇ ಇಲ್ಲ. ನೋಡಿ, ಅಂಥವರೇ ತಕರಾರು ಹಾಕಿ ಹೋರಾಡಿದ್ದಾರೆ ಅಂತ ನಾನು ಪಿ.ಡಿ. ಸರ್‌ಗೆ ಪತ್ರಿಕೆ ತೋರಿಸಿದೆ. ಅವರು ಪೂರ್ತಿ ಓದಿ, "ಪದಕ ಯಾರ ಹತ್ರ ಇದೆ?" ಅಂತ ಕೇಳಿ ವಾಪಸ್ ಕೊಟ್ಟರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಂದರ ಅಂತರ ಈ ಆಟಕ್ಕೆ ಹುಟ್ಟಿನಿಂದ ಬಂದದ್ದು ಅನ್ನುವುದು ಆಮೇಲೆ ಗೊತ್ತಾಯಿತು. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್, ಅವರೂ ನಮ್ಮವರಂಥ ಡ್ರಿಲ್ ಮೇಷ್ಟ್ರೇ, ಪೀಚ್ ಹಣ್ಣಿನ ಬುಟ್ಟಿಗಳನ್ನು ಮೊಳೆ ಹೊಡೆದು ಆಡಿಸಿದ ಮೊಟ್ಟಮೊದಲ ಪಂದ್ಯದ ಫಲಿತಾಂಶ 1–0.

ನಮ್ಮ ಪಂದ್ಯ ನಡೆದ ಅದೇ ಅಕ್ಟೋಬರಿನ 21ಕ್ಕೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಟೈಟನ್ ಕಪ್ ಕ್ರಿಕೆಟ್ ಪಂದ್ಯ. ರಜೆಗೆ ಊರಿಗೆ ಹೋಗದ ಕೆಲವರು ಟಿ.ವಿ. ಮುಂದಿದ್ದೆವು, ಹೊಳಲ್ಕೆರೆಯೂ ಇದ್ದ. ಆಸ್ಟ್ರೇಲಿಯಾದ ಮೇಲೆ ಎಂಟು ವಿಕೆಟ್ ಹೋಗಿ, ತೆಂಡೂಲ್ಕರ್ 88ಕ್ಕೆ ಔಟಾಗಿ ಎಲ್ಲ ಮುಗಿಯಿತು ಅನ್ನುವಾಗ ಕುಂಬ್ಳೆ, ಶ್ರೀನಾಥ್ ನಿಂತರು. ನಮ್ಮ ರಾಜ್ಯದ ಇಬ್ಬರು, ನಮ್ಮ ರಾಜ್ಯದ ಜನರ ಮುಂದೆ, ಮುರಿಯದ ಐವತ್ತೆರಡು ರನ್ ಸೇರಿಸಿ ಗೆಲ್ಲಿಸಿದರು. ಒಂದೊಂದು ರನ್ನಿಗೂ ಕ್ರೀಡಾಂಗಣ ಬೊಬ್ಬೆಯಿಡುತ್ತಿತ್ತು. ನಾವೆಲ್ಲ ಕುಣಿಯುತ್ತಿದ್ದಾಗ ಹೊಳಲ್ಕೆರೆ ಕೂತಲ್ಲೇ ಹೇಳಿದ: "ಇಷ್ಟು ಜನ ನಮ್ ಕಡೆ ಕೂಗಿದ್ರೆ ನಾನೂ ಹಾಕ್ತಿದ್ದೆ ಕಣ್ರೋ." ದಾವಣಗೆರೆಯ ಪಂದ್ಯದ ಬಗ್ಗೆ ಅವನು ಬಾಯಿಬಿಟ್ಟದ್ದು ಅದೊಂದೇ ಸಲ. ದಾವಣಗೆರೆಗೆ ಹೋದ ಬೆರಳೆಣಿಕೆಯ ಮಂದಿಯಲ್ಲಿ ನಾನೂ ಒಬ್ಬ ಅನ್ನುವ ಹೆಮ್ಮೆ ನನಗೆ ಆಗ ಇಮ್ಮಡಿಯಾಯಿತು. ಇನ್ನೂ ಐವತ್ತು ಜನ ಬಂದಿದ್ದರೆ ಅಂತ ಬರದವರಿಗೆಲ್ಲ ಬೈದುಕೊಂಡು ತಿರುಗಿದೆ.

ಆ ಹೆಮ್ಮೆ ನೆಟ್ಟಗೆ ನಿಂತದ್ದು 2022ರ ತನಕ. ಆ ಸೆಪ್ಟೆಂಬರಿನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿದ್ದಿತು. ಮಾರಿಕಣಿವೆಯಲ್ಲಿ ವೇದಾವತಿಗೆ 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು. ಅದಕ್ಕೂ ಮುಂಚೆ ಕೋಡಿ ಹರಿದದ್ದು 1933ರಲ್ಲಿ ಒಂದೇ ಸಲ. ಎಂಬತ್ತೊಂಬತ್ತು ವರ್ಷದ ನಂತರದ ನೀರು ನೋಡಲು ಜಿಲ್ಲೆಗೆ ಜಿಲ್ಲೆಯೇ ಬಂದಿತ್ತು, ನಾನೂ ಹೋಗಿದ್ದೆ. ಆ ಜನಜಂಗುಳಿಯಲ್ಲಿ ಹಿರಿಯೂರು ಸಿಕ್ಕ. ಮೈ ತುಂಬಿಕೊಂಡು, ತಲೆ ಖಾಲಿಯಾಗಿ, ಹೆಂಡತಿ ಮಕ್ಕಳ ಜೊತೆ. ನಾನೇ ಗುರುತು ಹಿಡಿದೆ. ಮಾತು ಪಂದ್ಯಕ್ಕೆ ಬರಲು ಎರಡು ನಿಮಿಷವೂ ಬೇಕಾಗಲಿಲ್ಲ.

"ಸೀಟಿ ಆದ್ಮೇಲೇ ತಳ್ಳಿದ್ದು ಬಿಡೋ," ಅಂದ. "ನನಗೆ ಕೇಳಿಸಿತ್ತು. ಗಾಳೀಲಿದ್ದೆ, ಕೈ ನಿಲ್ಲಲಿಲ್ಲ, ಅಷ್ಟೇ." ಇಪ್ಪತ್ತಾರು ವರ್ಷ ನಾವು ಕಾಪಾಡಿಕೊಂಡು ಬಂದ ಮೊಕದ್ದಮೆ ಅಲ್ಲಿಗೆ ವಜಾ. ಪೆನ್ನಿಗೆ ಕ್ಯಾಪು ಹಾಕಿದ ಪಿ.ಡಿ. ಸರ್‌ಗೆ ಅದು ಗೊತ್ತಿತ್ತೇ? ಆಗಲ್ಲ, ಆಮೇಲೆ ಗೊತ್ತಾಯಿತು ಅಂತ ಹಿರಿಯೂರು ಹೇಳಿದ. ವಾಪಸ್ ಬರುವ ಬಸ್ಸಿನಲ್ಲಿ ಅವರ ಕಿವಿಯಲ್ಲಿ ತಾನೇ ಹೇಳಿದ್ದನಂತೆ. ಅವರು ಬೆನ್ನು ತಟ್ಟಿ ಸುಮ್ಮನಾಗಿದ್ದರು. ಯಾರಿಗೂ ಬಿಟ್ಟುಕೊಡಲಿಲ್ಲ.

ಆಮೇಲೆ ಅವನು ನನ್ನನ್ನು ಒಂದು ಗಳಿಗೆ ನೋಡಿ ಕೇಳಿದ: "ಅಂದಹಾಗೆ ಅವತ್ತು ನೀನೂ ಬಂದಿದ್ದೇನೋ ದಾವಣಗೆರೆಗೆ?"

ನಗು ಬಂತು. ಗಂಟಲು ಹರಿಯುವ ಹಾಗೆ ಕೂಗಿದವನು, ಕೋರ್ಟಿನೊಳಕ್ಕೆ ನುಗ್ಗಿದವನು, ಅದೇ ಬಸ್ಸಿನಲ್ಲಿ ಅವನ ಮೊಣಕೈಗೆ ಕರವಸ್ತ್ರ ಕಟ್ಟಿದವನು ನಾನು. ಅವನ ಪಂದ್ಯದಲ್ಲಿ ನಾನಿರಲೇ ಇಲ್ಲ. ಆಟಗಾರನಿಗೆ ಎದುರಾಳಿಯ ಮೊಣಕೈ, ರಿಂಗಿನ ಅಂಚು, ಸೀಟಿ ಇಷ್ಟು ಕಾಣುತ್ತದೆ, ಕೇಳುತ್ತದೆ. ಮೆಟ್ಟಿಲಲ್ಲಿ ಯಾರಿದ್ದರು ಅನ್ನುವುದು ಅವನ ಕೆಲಸವಲ್ಲ. ಹೊಳಲ್ಕೆರೆ ಹೇಳಿದ ಮಾತು ಸುಳ್ಳು ಅಂತ ಇದರ ಅರ್ಥವಲ್ಲ. ಗೆರೆಯ ಮೇಲೆ ಒಂಟಿಯಾಗಿ ನಿಂತವನ ಕಿವಿ ಬೇರೆ, ಗಾಳಿಯಲ್ಲಿ ಹಾರಿದವನ ಕಿವಿ ಬೇರೆ. ಹೊಳಲ್ಕೆರೆ ಈಗ ಭೀಮಸಮುದ್ರದಲ್ಲಿ ಅಡಿಕೆ ವ್ಯಾಪಾರ ಮಾಡುತ್ತಾನೆ, ಸಿಕ್ಕಾಗ ರೇಟಿನ ಮಾತು ಬಿಟ್ಟು ಬೇರೆ ಆಡುವುದಿಲ್ಲ. ನಾನೂ ಕೆದಕಿಲ್ಲ.

ನನ್ನ ತೀರ್ಪು ಕೇಳಿದರೆ ಇಷ್ಟು. ಪಂದ್ಯ ಹೋದದ್ದು ಕೊನೆಯ ಫ್ರೀ ಥ್ರೋದಲ್ಲಲ್ಲ, ಸೀಟಿಯಲ್ಲಲ್ಲ. ಮೊದಲ ಇಪ್ಪತ್ತು ನಿಮಿಷದಲ್ಲಿ, ಗಾಳಿಯಿಲ್ಲದ ಊರಿನಲ್ಲಿ ಶಾಟು ಹೇಗೆ ಹಾಕಬೇಕು ಅಂತ ತಿಳಿಯುವಷ್ಟರಲ್ಲಿ. ವರ್ಷಕ್ಕೆ ನಾಲ್ಕು ಸಲ ಹೊರಗೆ ಆಡಿದ್ದರೆ ಆ ತಿಳಿವಳಿಕೆ ಬರಲು ಅರ್ಧ ಪಂದ್ಯ ಹಿಡಿಯುತ್ತಿರಲಿಲ್ಲ. ಒಂದು ಸಿಮೆಂಟ್ ಕೋರ್ಟು, ಒಂದು ಒಳ್ಳೆಯ ಬೋರ್ಡು, ಎಂಟರ ಬದಲು ಹನ್ನೆರಡು ಜನರಿಗೆ ಬಸ್ ಚಾರ್ಜು, ಬೇಕಾದದ್ದು ಇಷ್ಟೇ. ನಮ್ಮ ಹುಡುಗರಲ್ಲಿ ಕೊರತೆ ಇರಲಿಲ್ಲ. ಎರಡನೆಯ ಅರ್ಧವನ್ನು ಅವರು 35–25ರಿಂದ ಗೆದ್ದಿದ್ದಾರೆ.

2009ರಿಂದ ದಾವಣಗೆರೆಗೇ ಒಂದು ವಿಶ್ವವಿದ್ಯಾಲಯ ಆಗಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಪದವಿ ಕಾಲೇಜುಗಳು ಈಗ ಅದರ ಅಡಿಯಲ್ಲಿವೆ, ಅಂತರ ಕಾಲೇಜು ಪಂದ್ಯಗಳಿಗೆ ನಮ್ಮ ಹುಡುಗ ಹುಡುಗಿಯರು ಅಲ್ಲಿಗೂ ಹೋಗಿ ಆಡುತ್ತಾರೆ. ರಸ್ತೆ ಅಗಲವಾಗಿದೆ, ಒಂದು ಗಂಟೆಯ ದಾರಿ. ನಿಮ್ಮ ಊರಿನ ತಂಡ ಯಾವತ್ತು, ಎಲ್ಲಿ ಆಡುತ್ತದೆ ಅಂತ ಕಾಲೇಜಿನ ಪಿ.ಡಿ.ಯವರನ್ನು ಕೇಳಿದರೆ ಹೇಳುತ್ತಾರೆ. ಒಂದು ದಿನ ಬಿಡುವು ಮಾಡಿಕೊಂಡು, ಟಿಕೆಟ್ ನೀವೇ ತೆಗೆದುಕೊಂಡು ಹೋಗಿ ಮೆಟ್ಟಿಲ ಮೇಲೆ ಕೂತುಕೊಳ್ಳಿ. ಆಡುವವರಿಗೆ ನೀವು ಬಂದದ್ದು ನೆನಪಿರುತ್ತದೆ ಅಂತ ಮಾತ್ರ ನಿರೀಕ್ಷಿಸಬೇಡಿ.